ನನಗೆ ಮಾತು ಕಡಿಮೆ, ಮಗುವಿಗೂ ಮಾತು ತಡವಾಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ ಈಗ 7 ತಿಂಗಳು. ಹಗಲು ಹೊತ್ತು ಮನೆಯಲ್ಲಿ ನಾವಿಬ್ಬರೇ. ನನಗೆ ಮೊದಲಿಂದಲೂ ಮಾತು ಕಡಿಮೆ. ಅವಳಿಗೆ ಹಾಲು ಕುಡಿಸುವಾಗ, ಸ್ನಾನ ಮಾಡಿಸುವಾಗ ಸುಮ್ಮನೇ ಇರುತ್ತೇನೆ. ಏನು ಮಾತಾಡಬೇಕೋ ತೋಚುವುದಿಲ್ಲ. ನಮ್ಮತ್ತೆ ಫೋನ್ ಮಾಡಿದಾಗಲೆಲ್ಲ "ಮಗು ಹತ್ರ ಮಾತಾಡ್ತಾ ಇರಮ್ಮ, ಇಲ್ಲಾಂದ್ರೆ ಮಾತು ತಡ ಆಗುತ್ತೆ" ಅನ್ನುತ್ತಾರೆ. ಅದಕ್ಕೇ ಟೀವಿಯಲ್ಲಿ ಮಕ್ಕಳ ಹಾಡು ಹಾಕಿಡುತ್ತೇನೆ, ಕಿವಿಗೆ ಮಾತು ಬೀಳುತ್ತಿರಲಿ ಅಂತ. ಇದು ಸಾಕಾ? ಅರ್ಥವೇ ಆಗದ ಮಗುವಿನ ಜೊತೆ ಮಾತಾಡಿ ಏನಾದರೂ ಉಪಯೋಗ ಇದೆಯಾ? ನನ್ನ ಗಂಡನ ಮಾತೃಭಾಷೆ ಬೇರೆ, ಎರಡು ಭಾಷೆ ಕೇಳಿದರೆ ಗೊಂದಲ ಆಗುತ್ತಾ? ಅವರು ಕೆಲಸದ ಮೇಲೆ ಬೇರೆ ಊರಲ್ಲಿದ್ದಾರೆ, ದಿನಾ ಸಂಜೆ ವಿಡಿಯೊ ಕಾಲ್ ಮಾಡುತ್ತಾರೆ. ಅದನ್ನೂ ನಿಲ್ಲಿಸಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನೀವು ವಾಚಾಳಿ ಆಗಬೇಕಾಗಿಲ್ಲ. ಮಾತು ಕಡಿಮೆ ಇರುವ ಅಪ್ಪ ಅಮ್ಮಂದಿರ ಮಕ್ಕಳೂ ಚೆನ್ನಾಗಿಯೇ ಮಾತು ಕಲಿಯುತ್ತಾರೆ. ಸ್ಪೀಚ್ ಥೆರಪಿಸ್ಟ್ ಆಗಿ ಅಂಥ ಎಷ್ಟೋ ಮನೆಗಳನ್ನು ನೋಡಿದ್ದೇನೆ. ಆದರೆ ಟೀವಿ ಹಾಕಿಡುವುದು ಸಾಕಾಗುವುದಿಲ್ಲ. ಅದು ಯಾಕೆ ಅಂತ ನಿಧಾನವಾಗಿ ಹೇಳಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮಗಳಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದೇ ಪತ್ರದ ತುಂಬ ಇದೆ. ಮಗಳು ನಿಮಗೆ ಏನು ಹೇಳುತ್ತಾಳೆ ಅನ್ನುವುದು ಒಂದು ಸಾಲೂ ಇಲ್ಲ. 7 ತಿಂಗಳ ಮಗು ದಿನವಿಡೀ ಏನೋ ಒಂದು ಹೇಳುತ್ತಲೇ ಇರುತ್ತದೆ. ಆಂ, ಊಂ ಅನ್ನುತ್ತದೆ. ಬಬಬ, ದದದ ಶುರುವಾಗಿರಬಹುದು, ಅಥವಾ ಇಷ್ಟರಲ್ಲೇ ಆಗಬಹುದು. ಕಾಲು ಬಡಿಯುತ್ತದೆ, ಮುಖ ತಿರುಗಿಸುತ್ತದೆ, ಒಂದು ವಸ್ತುವನ್ನು ದಿಟ್ಟಿಸಿ ನೋಡಿ ಆಮೇಲೆ ನಿಮ್ಮ ಮುಖ ನೋಡುತ್ತದೆ. ಇದೆಲ್ಲ ಮಾತಿನ ಆರಂಭವೇ. ಮಗುವಿಗೆ ಮಾತು ಸುರಿಯುವುದಕ್ಕಿಂತ, ಮಗು ಶುರು ಮಾಡಿದ್ದಕ್ಕೆ ಉತ್ತರ ಕೊಡುವುದು ದೊಡ್ಡದು. ನಾನು ಇಲ್ಲಿ ಹೇಳುವುದೆಲ್ಲ ಇದರ ಸುತ್ತಲೇ ಇದೆ.

"ಅರ್ಥವೇ ಆಗದ ಮಗು" ಅಂತ ಬರೆದಿದ್ದೀರಿ. ಅದನ್ನು ಸ್ವಲ್ಪ ತಿದ್ದಬೇಕು. ನಿಮ್ಮ ದನಿ ಅವಳಿಗೆ ಹುಟ್ಟುವ ಮೊದಲೇ ಗೊತ್ತಿತ್ತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಕಿವಿ ಕೇಳಿಸುತ್ತಿರುತ್ತದೆ. ಒಳಗೆ ಪದಗಳು ಸ್ಪಷ್ಟವಾಗಿ ತಲುಪುವುದಿಲ್ಲ, ಆದರೆ ದನಿಯ ಏರಿಳಿತ, ಲಯ ತಲುಪುತ್ತದೆ. 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಒಂದು ಪ್ರಯೋಗ ಮಾಡಿದರು. ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಬಾಯಿಗೆ ನಿಪ್ಪಲ್ ಕೊಟ್ಟರು. ಒಂದು ರೀತಿ ಚೀಪಿದರೆ ಅಮ್ಮನ ದನಿ ಕೇಳಿಸುತ್ತದೆ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಆ ಎಳೆ ಕೂಸುಗಳು ತಾವು ಚೀಪುವ ರೀತಿಯನ್ನೇ ಬದಲಿಸಿಕೊಂಡು ಅಮ್ಮನ ದನಿ ತರಿಸಿಕೊಂಡವು. ಈ ಪ್ರಯೋಗವನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ನೀವು ಮಾತು ಕಡಿಮೆ ಅಂತ ಹೇಳಿಕೊಳ್ಳುತ್ತೀರಲ್ಲ, ಆ ಕಡಿಮೆ ಮಾತನ್ನೇ ಅವಳು ಒಳಗಿಂದ ಕೇಳಿಸಿಕೊಂಡು ಗುರುತು ಇಟ್ಟುಕೊಂಡು ಬಂದಿದ್ದಾಳೆ.

ಇನ್ನೊಂದು ಪ್ರಯೋಗ ನಮಗೆ, ಕನ್ನಡ ಮಾತಾಡುವವರಿಗೆ, ತುಂಬ ಹತ್ತಿರದ್ದು. ಮುತ್ತು, ಮುಟ್ಟು. ಎರಡೂ ಬೇರೆ ಬೇರೆ ಪದ ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ತ ಮತ್ತು ಟ ನಡುವಿನ ಈ ವ್ಯತ್ಯಾಸ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇಂಥದೇ ಎರಡು ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. 1984ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 6ರಿಂದ 8 ತಿಂಗಳ ಮಕ್ಕಳು ಅಪ್ಪ ಅಮ್ಮನಿಗೆ ಕೇಳಿಸದ ಈ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದರು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವರಲ್ಲಿ ಆ ಶಕ್ತಿ ಕರಗಿತ್ತು. ಹಿಂದಿ ಕೇಳುತ್ತ ಬೆಳೆದ ಮಕ್ಕಳಲ್ಲಿ ಅದು ಹಾಗೇ ಉಳಿದಿತ್ತು. ಅಂದರೆ ಮಗು ಹುಟ್ಟುವಾಗ ಲೋಕದ ಎಲ್ಲ ಭಾಷೆಗಳಿಗೂ ಕಿವಿ ತೆರೆದಿಟ್ಟಿರುತ್ತದೆ. ಒಂದು ವರ್ಷ ತುಂಬುವಷ್ಟರಲ್ಲಿ ತನ್ನ ಸುತ್ತಲಿನ ಭಾಷೆಗೆ ಕಿವಿಯನ್ನು ಹದ ಮಾಡಿಕೊಳ್ಳುತ್ತದೆ. ನಿಮ್ಮ ಮಗಳು ಈಗ ಆ ಕೆಲಸದ ನಡುವೆ ಇದ್ದಾಳೆ.

ಅರ್ಥದ ವಿಷಯಕ್ಕೂ ಬರೋಣ. 6ರಿಂದ 9 ತಿಂಗಳ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಅಪ್ಪನೋ ಅಮ್ಮನೋ ಒಂದರ ಹೆಸರು ಹೇಳಿದಾಗ ಮಗುವಿನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ 2012ರಲ್ಲಿ ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ ಅಳೆದರು. ಕೈ, ಕಾಲು, ಮುಖದಂಥ ಮೈ ಭಾಗಗಳ ಹೆಸರು, ದಿನಾ ತಿನ್ನುವ ಪದಾರ್ಥಗಳ ಹೆಸರು ಕೇಳಿದಾಗ ಮಕ್ಕಳು ಸರಿಯಾದ ಚಿತ್ರದ ಕಡೆಗೇ ಹೆಚ್ಚು ಹೊತ್ತು ನೋಡಿದರು. ಮೊದಲ ಪದ ಬಾಯಿಂದ ಬರುವುದಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಹೀಗೆ ಪದಗಳು ಒಳಗೆ ಹೋಗಿ ಕೂತಿರುತ್ತವೆ. ಹಾಗಾಗಿ ನೀವು ಗೋಡೆ ಜೊತೆ ಮಾತಾಡುತ್ತಿಲ್ಲ.

ಈಗ ಟೀವಿ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ಹೊಸ ಅಪ್ಪ ಅಮ್ಮನಿಗೂ ಹೇಳುತ್ತೇನೆ. ಇಂಗ್ಲಿಷ್ ಮನೆಗಳ 9 ತಿಂಗಳ ಮಕ್ಕಳನ್ನು ಕರೆತಂದರು. ಚೀನಾದ ಮ್ಯಾಂಡರಿನ್ ಮಾತಾಡುವವರು ಅವರ ಎದುರು ನೆಲದ ಮೇಲೆ ಕೂತು ಪುಸ್ತಕ ತೋರಿಸಿದರು, ಆಟಿಕೆ ಹಿಡಿದು ಆಡಿದರು. ಒಂದು ಸಲಕ್ಕೆ ಸುಮಾರು 25 ನಿಮಿಷ, ನಾಲ್ಕು ವಾರದಲ್ಲಿ 12 ಸಲ. ಅಷ್ಟಕ್ಕೇ ಆ ಮಕ್ಕಳು ಮ್ಯಾಂಡರಿನ್‌ನ ಧ್ವನಿ ವ್ಯತ್ಯಾಸವನ್ನು ಗುರುತಿಸಲು ಕಲಿತರು. ಇನ್ನೊಂದು ಗುಂಪಿನ ಮಕ್ಕಳಿಗೆ ಅದೇ ಜನ, ಅದೇ ಪುಸ್ತಕ, ಅದೇ ಮಾತು, ಆದರೆ ಪರದೆಯ ಮೇಲೆ. ಮತ್ತೊಂದು ಗುಂಪಿಗೆ ದನಿ ಮಾತ್ರ. ಈ ಎರಡು ಗುಂಪುಗಳೂ ಏನೂ ಕಲಿಯಲಿಲ್ಲ. ಮ್ಯಾಂಡರಿನ್ ಕಿವಿಗೇ ಬೀಳದ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ.

ಎಲ್ಲರ ಕಿವಿಗೂ ಅಷ್ಟೇ ಮಾತು ಬಿತ್ತು, ಅಲ್ವಾ? ಆದರೂ ಯಾಕೆ ಹೀಗೆ? ಎದುರಿಗೆ ಕೂತ ಮನುಷ್ಯರು ಮಗುವಿನ ಕಣ್ಣು ನೋಡುತ್ತಾರೆ. ಮಗು ಆಟಿಕೆ ಕಡೆ ತಿರುಗಿದರೆ ಅವರೂ ತಿರುಗುತ್ತಾರೆ. ಮಗು ದನಿ ಮಾಡಿದರೆ ನಿಲ್ಲಿಸಿ ಕೇಳುತ್ತಾರೆ. ಟೀವಿ ಇದ್ಯಾವುದನ್ನೂ ಮಾಡುವುದಿಲ್ಲ. ಮಗು ನಕ್ಕರೂ ಅಷ್ಟೇ, ಅತ್ತರೂ ಅಷ್ಟೇ, ಅದರ ಪಾಡಿಗೆ ಅದು ಹಾಡುತ್ತಿರುತ್ತದೆ.

ನಿಮಗಾಗಿಯೇ ಮಾಡಿದಂತಿರುವ ಒಂದು ಪ್ರಯೋಗ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದೂ 2003ರದ್ದೇ. ಮೈಕಲ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಸುಮಾರು 8 ತಿಂಗಳ ಮಕ್ಕಳನ್ನೂ ಅವರ ಅಮ್ಮಂದಿರನ್ನೂ ಆಟದ ಕೋಣೆಯಲ್ಲಿ ಬಿಟ್ಟರು. ಒಂದು ಗುಂಪಿನಲ್ಲಿ ಮಗು ದನಿ ಮಾಡಿದ ಕೂಡಲೇ ಅಮ್ಮ ನಗಬೇಕು, ಹತ್ತಿರ ಸರಿಯಬೇಕು, ಮಗುವನ್ನು ಮುಟ್ಟಬೇಕು. ಅಷ್ಟೇ. ಇನ್ನೊಂದು ಗುಂಪಿನ ಅಮ್ಮಂದಿರೂ ಅಷ್ಟೇ ಸಲ ನಕ್ಕರು, ಅಷ್ಟೇ ಸಲ ಮುಟ್ಟಿದರು. ಆದರೆ ತಮ್ಮ ಮಗು ದನಿ ಮಾಡಿದಾಗಲ್ಲ, ಬೇರೆ ಯಾವುದೋ ಹೊತ್ತಿನಲ್ಲಿ. ಮೊದಲ ಗುಂಪಿನ ಮಕ್ಕಳ ತೊದಲು ಅದೇ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ ಬದಲಾಯಿತು. ಸುಮ್ಮನೆ ಆಆ ಅನ್ನುತ್ತಿದ್ದವರು ಬ, ದ, ಮ ಥರದ, ಮಾತಿಗೆ ಹತ್ತಿರದ ಧ್ವನಿಗಳನ್ನು ಜಾಸ್ತಿ ಮಾಡತೊಡಗಿದರು. ಎರಡನೇ ಗುಂಪಿನಲ್ಲಿ ಹಾಗಾಗಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು ಅಮ್ಮನ ಮಾತಲ್ಲ. ಒಂದು ನಗು, ಒಂದು ಸ್ಪರ್ಶ, ಅದೂ ಸರಿಯಾದ ಗಳಿಗೆಯಲ್ಲಿ. "ನಾನು ದನಿ ಮಾಡಿದೆ, ಅಮ್ಮ ಹತ್ತಿರ ಬಂದಳು" ಅನ್ನುವ ನಂಟು ಮಗುವಿಗೆ ಸಿಕ್ಕಿತು. ಬಾಯಿಂದ ಹೊರಡುವ ಸದ್ದಿಗೆ ಬೇರೆಯವರನ್ನು ಅಲುಗಾಡಿಸುವ ಶಕ್ತಿ ಇದೆ ಅಂತ ಗೊತ್ತಾದ ಮಗು ಆ ಸದ್ದನ್ನು ಇನ್ನಷ್ಟು ಪ್ರಯತ್ನಿಸುತ್ತದೆ. ಸರಿಯಾದ ಗಳಿಗೆ ಕಾಯುವುದಕ್ಕೆ ಮಾತು ಕಡಿಮೆ ಇರುವವರು ನಿಜವಾಗಿಯೂ ಚೆನ್ನಾಗಿ ಹೊಂದುತ್ತಾರೆ. ನಾನು ಜಾಸ್ತಿ ಮಾತಿನವಳು. ನನ್ನ ಮಗ ಚಿಕ್ಕವನಿದ್ದಾಗ ಅವನಿಗೆ ಉತ್ತರ ಕೊಡಲು ಜಾಗವನ್ನೇ ಬಿಡುತ್ತಿರಲಿಲ್ಲ. ಕಾಯುವುದನ್ನು ನಾನು ಕಲಿಯಬೇಕಾಯಿತು.

ಹತ್ತು ಸೆಕೆಂಡಿನ ಒಂದು ಚಿತ್ರ ಕೊಡುತ್ತೇನೆ. ಒಬ್ಬರು ಅಪ್ಪ, ನಿಮ್ಮ ಹಾಗೇ ಮೌನಿ, 8 ತಿಂಗಳ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಡೈಪರ್ ಬದಲಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತಿದ್ದೆ. ಮಗು ಮೇಲೆ ತಿರುಗುವ ಫ್ಯಾನ್ ನೋಡಿ "ಅ" ಅಂದಿತು. ಅಪ್ಪ ತಲೆ ಎತ್ತಲಿಲ್ಲ, ಕೈಕೆಲಸ ನಡೆದಿತ್ತು. ಮಗು ಅವರ ಮುಖ ನೋಡಿ ಮತ್ತೆ "ಅ" ಅಂದಿತು. "ಈಗ ಅವಳು ನೋಡಿದ ಕಡೆ ನೀವೂ ನೋಡಿ" ಅಂದೆ. ಅವರು ಮೇಲೆ ನೋಡಿದರು. "ಫ್ಯಾನು" ಅಂದರು. ಒಂದೇ ಪದ. ಮಗುವಿನ ಕಾಲು ಗಾಳಿಯಲ್ಲೇ ನಿಂತಿತು. ಅವಳು ಅಪ್ಪನ ಬಾಯಿ ನೋಡಿದಳು, ಫ್ಯಾನ್ ನೋಡಿದಳು, ಮತ್ತೆ ಅಪ್ಪನ ಬಾಯಿ ನೋಡಿದಳು. ಅಪ್ಪ ಇನ್ನೇನೋ ಹೇಳಲು ಹೊರಟರು, ನಾನು ಕೈ ಸನ್ನೆ ಮಾಡಿ ತಡೆದೆ. ಮನಸ್ಸಿನಲ್ಲೇ ಒಂದು, ಎರಡು, ಮೂರು, ನಾಲ್ಕು ಎಣಿಸಿದೆವು. "ಆಆ" ಅಂತ ದೊಡ್ಡದಾಗಿ, ಎರಡೂ ಕಾಲು ಬಡಿದು, ಉತ್ತರ ಬಂತು. "ಹೌದು, ಫ್ಯಾನು ತಿರುಗ್ತಿದೆ" ಅಂದರು ಅಪ್ಪ. ಅವರ ದನಿ ತಾನಾಗಿ ಮೇಲೇರಿತ್ತು.

ಆ ಹತ್ತು ಸೆಕೆಂಡಿನಲ್ಲಿ ಏನೆಲ್ಲ ಆಯಿತು ನೋಡಿ. ಮಾತು ಶುರು ಮಾಡಿದ್ದು ಮಗು. ವಿಷಯ ಆರಿಸಿದ್ದೂ ಮಗು. ಅಪ್ಪ ಅವಳ ಕಣ್ಣು ಹಿಂಬಾಲಿಸಿದರು, ಅವಳು ನೋಡುತ್ತಿದ್ದದ್ದಕ್ಕೆ ಹೆಸರು ಕೊಟ್ಟರು, ಸುಮ್ಮನೆ ಕಾದರು. ಅವಳು ತನ್ನ ಸರದಿ ತೆಗೆದುಕೊಂಡಳು. ಅವರು ಅದಕ್ಕೆ ಇನ್ನೊಂದು ಪದ ಸೇರಿಸಿ ಹಿಂತಿರುಗಿಸಿದರು. ಮಾತುಕತೆ ಅಂದರೆ ಇದೇ. ಪದಗಳು ಇಲ್ಲ ಅನ್ನುವುದೊಂದನ್ನು ಬಿಟ್ಟರೆ ನಾವು ದೊಡ್ಡವರು ಮಾಡುವುದೂ ಇದನ್ನೇ.

ಮಗು ನೋಡುವ ಕಡೆ ನಾವು ನೋಡುವುದಕ್ಕೂ, ನಾವು ತೋರಿಸಿದ ಕಡೆ ಮಗುವನ್ನು ಎಳೆಯುವುದಕ್ಕೂ ವ್ಯತ್ಯಾಸ ಇದೆ. ಮೈಕಲ್ ಟೊಮಸೆಲೊ ಮತ್ತು ಮೈಕಲ್ ಜೆಫ್ರಿ ಫ್ಯಾರರ್ 1986ರಲ್ಲೇ ಇದನ್ನು ತೋರಿಸಿದ್ದರು. ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು, ತಾವು ಆಗಲೇ ಗಮನ ಕೊಟ್ಟಿದ್ದ ವಸ್ತುವಿನ ಹೆಸರು ಹೇಳಿದಾಗ ಅದನ್ನು ಚೆನ್ನಾಗಿ ಕಲಿತರು. ಗಮನವನ್ನು ಬೇರೆ ಕಡೆ ತಿರುಗಿಸಿ ಹೇಳಿದ ಹೆಸರು ಅಷ್ಟು ಹತ್ತಲಿಲ್ಲ. ಕಾರಣ ಸರಳ. ಮಗುವಿನ ತಲೆಯಲ್ಲಿ ಆ ಹೊತ್ತಿಗೆ ಒಂದೇ ವಿಷಯ ಇರುತ್ತದೆ. ನಾವು ಹೇಳಿದ ಪದ ಅದಕ್ಕೇ ಅಂಟಿಕೊಳ್ಳುತ್ತದೆ. ಅವಳು ಚಮಚ ನೋಡುತ್ತಿರುವಾಗ ನೀವು "ಅಲ್ಲಿ ನೋಡು ಹಕ್ಕಿ" ಅಂದರೆ, ಅವಳು ಚಮಚವನ್ನೂ ಬಿಡಬೇಕು, ಹಕ್ಕಿಯನ್ನೂ ಹುಡುಕಬೇಕು, ಪದವನ್ನೂ ಹಿಡಿಯಬೇಕು. ಜಾಸ್ತಿ ಆಯಿತು.

"ಏನು ಮಾತಾಡಬೇಕೋ ತೋಚಲ್ಲ" ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ವಿಷಯವನ್ನು ನೀವು ಹುಡುಕಬೇಕಾಗಿಲ್ಲ, ಅವಳೇ ಕೊಡುತ್ತಾಳೆ. ಅವಳು ನೀರು ಬಡಿದರೆ "ನೀರು". ಸೀನಿದರೆ "ಸೀನು ಬಂತಾ?". ಚಮಚ ಬೀಳಿಸಿ ಕೆಳಗೆ ನೋಡಿದರೆ "ಬಿತ್ತು". ಮತ್ತೆ ಬೀಳಿಸುತ್ತಾಳೆ, ಮತ್ತೆ "ಬಿತ್ತು". ಹತ್ತನೇ ಸಲವೂ ಅದೇ. ನಿಮಗೆ ಬೇಜಾರಾದರೂ ಅವಳಿಗೆ ಆಗುವುದಿಲ್ಲ. ಒಂದೇ ಘಟನೆಗೆ ಒಂದೇ ಪದ ಮತ್ತೆ ಮತ್ತೆ ಸಿಗುವುದು ಅವಳಿಗೆ ಹಬ್ಬ. ಅದಕ್ಕೇ ದಿನಾ ಮಾಡುವ ಕೆಲಸಗಳು, ಸ್ನಾನ, ಬಟ್ಟೆ ಹಾಕುವುದು, ಮಲಗಿಸುವುದು, ಮಾತಿಗೆ ತುಂಬ ಒಳ್ಳೆಯ ಜಾಗ. ಮುಂದೆ ಏನಾಗುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಪದಕ್ಕೆ ಗಮನ ಕೊಡಲು ಬಿಡುವಿರುತ್ತದೆ. ಬಟ್ಟೆಯಿಂದ ಮುಖ ಮುಚ್ಚಿ ತೆಗೆದು "ಬೂ" ಅನ್ನುವ ಆಟವೂ ಹಾಗೇ. ನಾಲ್ಕು ಸಲ ಆಡಿ, ಐದನೇ ಸಲ ಬಟ್ಟೆ ಹಿಡಿದು ಸುಮ್ಮನೆ ಕಾಯಿರಿ. ಅವಳು ಮೈಯೆಲ್ಲ ಬಿಗಿ ಮಾಡಿ, ಒಂದು ಸದ್ದು ಮಾಡಿ "ಮಾಡು" ಅಂತ ಕೇಳುತ್ತಾಳೆ.

ಇದು ಬರೀ ಆ ಗಳಿಗೆಯ ಸಂತೋಷವಲ್ಲ. ನ್ಯೂಯಾರ್ಕ್‌ನ ಕ್ಯಾಥರೀನ್ ಟಾಮಿಸ್-ಲೆಮಾಂಡ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ 9 ಮತ್ತು 13 ತಿಂಗಳಾಗಿದ್ದಾಗ ಅಮ್ಮಂದಿರು ಎಷ್ಟು ಸ್ಪಂದಿಸುತ್ತಿದ್ದರು ಅಂತ ನೋಡಿದ್ದರು. ಚೆನ್ನಾಗಿ ಸ್ಪಂದಿಸುತ್ತಿದ್ದವರ ಮಕ್ಕಳು ಮೊದಲ ಪದಗಳು, 50 ಪದ, ಎರಡು ಪದ ಜೋಡಿಸುವುದು, ಈ ಮೆಟ್ಟಿಲುಗಳನ್ನು ಬೇಗ ಹತ್ತಿದರು.

ದನಿಯ ಬಗ್ಗೆ ಒಂದು ಮಾತು. ಮಗುವಿನ ಜೊತೆ ಎಳೆದು, ರಾಗ ಮಾಡಿ ಮಾತಾಡಲು ನಿಮಗೆ ನಾಚಿಕೆ ಆಗಬಹುದು. ಆ ಮುದ್ದು ಮಾತಿನಿಂದ ಮಗುವಿನ ಭಾಷೆ ಕೆಡುತ್ತದೆ ಅಂತ ಹೇಳುವವರೂ ಇದ್ದಾರೆ. ಕೆಡುವುದಿಲ್ಲ. 2020ರಲ್ಲಿ ಹಲವು ದೇಶಗಳ 67 ಪ್ರಯೋಗಾಲಯಗಳು ಸೇರಿ 2 ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದವು. ದೊಡ್ಡವರ ಜೊತೆ ಆಡುವ ಸಪ್ಪೆ ದನಿಗಿಂತ ಈ ರಾಗದ ದನಿಯೇ ಮಕ್ಕಳಿಗೆ ಇಷ್ಟ ಅಂತ ಅಲ್ಲೂ ಕಂಡಿತು. ರಾಗ ಎಳೆದಾಗ ಸ್ವರಗಳು ಸ್ಪಷ್ಟವಾಗುತ್ತವೆ, ಪದಗಳ ನಡುವೆ ಬಿಡುವು ಸಿಗುತ್ತದೆ, "ಇದು ನಿನಗೇ ಹೇಳಿದ್ದು" ಅನ್ನುವುದು ಮಗುವಿಗೆ ತಿಳಿಯುತ್ತದೆ. ತಾಚಿ, ಟಾಟಾ, ಬೌಬೌ ಥರದ ಪುಟ್ಟ ಪದಗಳಿಗೂ ಹೆದರಬೇಡಿ. ಒಂದೇ ಧ್ವನಿ ಎರಡು ಸಲ ಬರುವ ಪದಗಳು ಮಾತಿನ ಹೊಳೆಯೊಳಗೆ ಮಗುವಿನ ಕಿವಿಗೆ ಬೇಗ ಸಿಗುತ್ತವೆ. ದೊಡ್ಡ ಪದಗಳು ಆಮೇಲೆ ತಾವಾಗಿ ಬರುತ್ತವೆ.

ಎಷ್ಟು ಮಾತಾಡಬೇಕು ಅನ್ನುವ ಲೆಕ್ಕ ನಿಮ್ಮತ್ತೆಯ ಮನಸ್ಸಿನಲ್ಲಷ್ಟೇ ಅಲ್ಲ, ಎಲ್ಲ ಕಡೆ ಹಬ್ಬಿದೆ. ಅದು ಬಂದದ್ದು ಬಹುಮಟ್ಟಿಗೆ ಒಂದು ಅಧ್ಯಯನದಿಂದ. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ 42 ಕುಟುಂಬಗಳನ್ನು ಗಮನಿಸಿ 1995ರಲ್ಲಿ, ಬಡ ಮನೆ ಮತ್ತು ಅನುಕೂಲಸ್ಥರ ಮನೆಯ ಮಕ್ಕಳ ಕಿವಿಗೆ ಬೀಳುವ ಪದಗಳಲ್ಲಿ ನಾಲ್ಕು ವರ್ಷಕ್ಕೆ 3 ಕೋಟಿಯಷ್ಟು ಅಂತರ ಇರುತ್ತದೆ ಅಂತ ಅಂದಾಜು ಹಾಕಿದರು. ಆ ಸಂಖ್ಯೆ ಬಹಳ ಪ್ರಸಿದ್ಧವಾಯಿತು. ಕುಟುಂಬಗಳು ಕಡಿಮೆ, ಅಂದಾಜು ದೊಡ್ಡದು ಅಂತ ಆಮೇಲೆ ಸಾಕಷ್ಟು ತಕರಾರೂ ಬಂತು. ನನಗೆ ಆ ಸಂಖ್ಯೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಅದು ತಾಯಂದಿರನ್ನು ಹೆದರಿಸಿದ್ದೇ ಹೆಚ್ಚು. 2018ರಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ನನಗೆ ಹೆಚ್ಚು ಇಷ್ಟ. 4ರಿಂದ 6 ವರ್ಷದ ಮಕ್ಕಳ ಮನೆ ಮಾತನ್ನು ರೆಕಾರ್ಡ್ ಮಾಡಿ, ಆಮೇಲೆ ಕಥೆ ಕೇಳುವಾಗ ಅವರ ಮಿದುಳು ಹೇಗೆ ಕೆಲಸ ಮಾಡುತ್ತದೆ ಅಂತ ಸ್ಕ್ಯಾನ್ ಮಾಡಿ ನೋಡಿದರು. ಮಿದುಳಿನ ಭಾಷೆಯ ಭಾಗದ ಚಟುವಟಿಕೆಗೆ ನಂಟು ಕಂಡದ್ದು ದೊಡ್ಡವರು ಆಡಿದ ಪದಗಳ ಸಂಖ್ಯೆಯ ಜೊತೆಗಲ್ಲ. ದೊಡ್ಡವರೂ ಮಗುವೂ ಎಷ್ಟು ಸಲ ಸರದಿ ಬದಲಿಸಿದರು ಅನ್ನುವುದರ ಜೊತೆಗೆ.

ಹಾಗಂತ ಒಂದು ಸರದಿ ತಪ್ಪಿದರೆ ಏನೋ ಕಳೆದುಹೋಯಿತು ಅಂತಲ್ಲ. ಮೆಕ್ಸಿಕೊದ ಟ್ಸೆಲ್ಟಾಲ್ ಮಾತಾಡುವ ಮಾಯಾ ಹಳ್ಳಿಯೊಂದರಲ್ಲಿ ದೊಡ್ಡವರು ಶಿಶುಗಳ ಜೊತೆ ನೇರವಾಗಿ ಮಾತಾಡುವುದು ಬಹಳ ಕಡಿಮೆ. ಮಗು ಅಮ್ಮನ ಬೆನ್ನಿಗೆ ಅಂಟಿಕೊಂಡೇ ಇದ್ದು ಸುತ್ತಲಿನ ಮಾತು ಕೇಳುತ್ತಿರುತ್ತದೆ. ಅಲ್ಲಿನ ಮಕ್ಕಳೂ ತೊದಲು, ಮೊದಲ ಪದ, ಪದ ಜೋಡಣೆಯ ಮೆಟ್ಟಿಲುಗಳನ್ನು ಸುಮಾರು ಅದೇ ವಯಸ್ಸಿಗೆ ಹತ್ತುತ್ತಾರೆ ಅಂತ 2020ರ ಒಂದು ಅಧ್ಯಯನ ತೋರಿಸಿದೆ. ಮಾತು ಕಲಿಯುವ ಶಕ್ತಿ ಮಗುವಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ. ತಪ್ಪಿತಸ್ಥ ಭಾವನೆ ಇಟ್ಟುಕೊಳ್ಳಬೇಡಿ. ಇಡೀ ದಿನ ಮಗುವಿಗೆ ಸ್ಪಂದಿಸುತ್ತಲೇ ಇರುವ ತಾಯಿ ಎಲ್ಲೂ ಇಲ್ಲ. ತಾಳ ತಪ್ಪುತ್ತದೆ, ಮತ್ತೆ ಸೇರುತ್ತದೆ. ಹಾಗೆ ಮತ್ತೆ ಸೇರುವುದರಿಂದಲೂ ಮಗು ಕಲಿಯುತ್ತದೆ.

ಟೀವಿ ಮಾತ್ರ ಆರಿಸಿಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನನ್ನ ಕಾರಣ ಇನ್ನೂ ಸರಳ. ಟೀವಿ ಓಡುತ್ತಿದ್ದರೆ ಅವಳ ಸಣ್ಣ "ಅ" ನಿಮಗೆ ಕೇಳಿಸುವುದಿಲ್ಲ. ಹಾಡು ಬೇಕಾದರೆ ನೀವೇ ಗುನುಗಿ. ರಾಗ ತಪ್ಪಿದರೂ ಪರವಾಗಿಲ್ಲ, ನಡುವೆ ಅವಳಿಗಾಗಿ ನಿಲ್ಲಿಸಲು ನಿಮಗೆ ಆಗುತ್ತದೆ. ಫೋನಿಗೂ ಇದೇ ಮಾತು. 2017ರ ಒಂದು ಪ್ರಯೋಗದಲ್ಲಿ ಅಮ್ಮಂದಿರು ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಪದ ಕಲಿಸಿದರು. ಒಂದನ್ನು ಕಲಿಸುವಾಗ ನಡುವೆ ಫೋನ್ ಬಂತು. ಎರಡು ಪದವನ್ನೂ ಮಕ್ಕಳು ಅಷ್ಟೇ ಸಲ ಕೇಳಿಸಿಕೊಂಡಿದ್ದರು, ಆದರೂ ಫೋನ್ ಬಂದು ತುಂಡಾದ ಪದ ಕಲಿಯಲಿಲ್ಲ. ಇಡೀ ದಿನ ಫೋನ್ ಬಿಡಿ ಅಂತ ನಾನು ಹೇಳುವುದಿಲ್ಲ. ಹಾಲು ಕುಡಿಸುವಾಗ, ಸ್ನಾನದ ಹೊತ್ತಿಗೆ, ಬಟ್ಟೆ ಬದಲಿಸುವಾಗ ಬೇರೆ ಕೋಣೆಯಲ್ಲಿಡಿ, ಸಾಕು.

ಎರಡು ಭಾಷೆಯಿಂದ ಗೊಂದಲ ಆಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಪದ ಸ್ವಲ್ಪ ಕಡಿಮೆ ಕಾಣಬಹುದು, ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ನಿಮಗೆ ಮನಸ್ಸಿನಿಂದ ಬರುವ ಭಾಷೆಯಲ್ಲಿ ನೀವು, ಅವರಿಗೆ ಬರುವ ಭಾಷೆಯಲ್ಲಿ ಅವರು ಮಾತಾಡಿ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಮಗಳ ಕಿವಿ ಪರೀಕ್ಷೆ ಹುಟ್ಟಿದಾಗ ಆಗಿತ್ತಾ ಅಂತ ಕಾಗದಪತ್ರ ತೆಗೆದು ನೋಡಿ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಸಾವಿರ ಶಿಶುಗಳಲ್ಲಿ 1ರಿಂದ 3 ಮಕ್ಕಳಿಗೆ ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಕಿವಿ ಕೇಳದ ಮಕ್ಕಳೂ ಮೊದಮೊದಲು ಆಂ, ಊಂ ಅನ್ನುತ್ತಾರೆ, ನಗುತ್ತಾರೆ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಬಬಬ, ದದದ ಬರುವ ಹೊತ್ತಿಗೆ ವ್ಯತ್ಯಾಸ ಕಾಣುತ್ತದೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಅನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಹಿಡಿಯಲು ನೋಡುವ ಗುರಿ. ನಿಮ್ಮ ಮಗಳಿಗೆ 7 ತಿಂಗಳು, ಹಾಗಾಗಿ ಮುಂದೂಡಬೇಡಿ. 10 ತಿಂಗಳಾದರೂ ಬಬಬ ಥರದ ತೊದಲು ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ವರ್ಷ ತುಂಬಿದರೂ ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲ, 16 ತಿಂಗಳಾದರೂ ಒಂದು ಪದವೂ ಇಲ್ಲ ಅಂದರೆ ಕಾಯದೆ ತೋರಿಸಿ. ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ನಿಂತುಹೋದರೆ ತಕ್ಷಣ ತೋರಿಸಿ. "ತಾನಾಗಿ ಬರುತ್ತೆ ಬಿಡಿ" ಅಂತ ಯಾರೇ ಹೇಳಲಿ.

ಇನ್ನೊಂದನ್ನು ಮೆಲ್ಲಗೆ ಕೇಳುತ್ತೇನೆ. ನಿಮ್ಮ ಮೌನ ಮೊದಲಿಂದಲೂ ಇದ್ದ ಸ್ವಭಾವ ಅಂತ ಬರೆದಿದ್ದೀರಿ, ನಂಬುತ್ತೇನೆ. ಆದರೆ ಹೆರಿಗೆ ಆದಮೇಲೆ ಅದು ಹೆಚ್ಚಾಗಿದೆಯಾ? ಮಗುವಿನ ಮುಖ ನೋಡಿದರೂ ಏನೂ ಅನ್ನಿಸದ ಹಾಗೆ, ಕಾರಣವಿಲ್ಲದೆ ಅಳು ಬರುವ ಹಾಗೆ, ನಿದ್ದೆಯೇ ಬಾರದ ಹಾಗೆ ಆಗುತ್ತಿದೆಯಾ? ಹಾಗಿದ್ದರೆ ಅದು ಹೆರಿಗೆಯ ನಂತರ ಬರುವ ಖಿನ್ನತೆ ಇರಬಹುದು. ತುಂಬ ಜನರಿಗೆ ಬರುತ್ತದೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ನಿಮ್ಮ ವೈದ್ಯರ ಹತ್ತಿರ ಇದೇ ಮಾತುಗಳಲ್ಲಿ ಹೇಳಿ. ಮಗುವಿನ ಮಾತಿಗಾಗಿ ಮಾತ್ರ ಅಲ್ಲ, ನಿಮಗಾಗಿ.

ಇನ್ನು ವಿಡಿಯೊ ಕಾಲ್. ಖಂಡಿತ ನಿಲ್ಲಿಸಬೇಡಿ. ಅದು ಟೀವಿಯ ಥರ ಅಲ್ಲ, ಅದರಲ್ಲಿ ಎದುರಿಗಿರುವವರು ಉತ್ತರ ಕೊಡುತ್ತಾರೆ. ಎರಡು ವರ್ಷ ದಾಟಿದ ಮಕ್ಕಳ ಮೇಲೆ 2014ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ಮಕ್ಕಳು ಎದುರಿಗಿದ್ದವರಿಂದ ಹೊಸ ಪದ ಕಲಿತ ಹಾಗೆಯೇ ವಿಡಿಯೊ ಕಾಲ್‌ನಲ್ಲಿ ಇದ್ದವರಿಂದಲೂ ಕಲಿತರು, ಮೊದಲೇ ರೆಕಾರ್ಡ್ ಮಾಡಿದ್ದರಿಂದ ಕಲಿಯಲಿಲ್ಲ. ನಿಮ್ಮ ಮಗಳು ಅಷ್ಟು ದೊಡ್ಡವಳಲ್ಲ, ಅದಕ್ಕೇ ಅವಳಿಗೆ ನಿಮ್ಮ ಸಹಾಯ ಬೇಕು. ಅವಳಿಗೆ ನಿದ್ದೆ, ಹಸಿವು ಇಲ್ಲದ ಹೊತ್ತು ನೋಡಿ ಕರೆ ಮಾಡಲು ಹೇಳಿ. ನಾಲ್ಕೈದು ನಿಮಿಷ ಸಾಕು. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಫೋನನ್ನು ಅವಳ ಕಣ್ಣಿನ ಮಟ್ಟಕ್ಕೆ ಇಡಿ. ದನಿ ಅತ್ತಿಂದಿತ್ತ ಬರಲು ಒಂದು ಕ್ಷಣ ತಡವಾಗುತ್ತದೆ, ಅದಕ್ಕೆ ನಿಮ್ಮ ಗಂಡ ಇನ್ನೂ ಸ್ವಲ್ಪ ಜಾಸ್ತಿ ಕಾಯಬೇಕು. ಅವಳು ಬಬ ಅಂದರೆ ಅವರೂ ಬಬ ಅನ್ನಲಿ, ಆಮೇಲೆ ಸುಮ್ಮನಿರಲಿ. ಅವಳು ಪರದೆಯಿಂದ ಕಣ್ಣು ತಿರುಗಿಸಿ ಏನನ್ನಾದರೂ ನೋಡಿದರೆ, ಅದೇನು ಅಂತ ನೀವು ಅವರಿಗೆ ಹೇಳಿ, ಆಗ ಅವರೂ ಅದರ ಹೆಸರು ಹೇಳಬಹುದು. ಪರದೆಯೊಳಗಿಂದ ಅವರು ಅವಳನ್ನು ಮುಟ್ಟಲು ಆಗುವುದಿಲ್ಲ. ಅವರು "ಕೆನ್ನೆಗೊಂದು ಮುತ್ತು" ಅಂದಾಗ, ಅದೇ ಗಳಿಗೆಯಲ್ಲಿ, ಆ ಮುತ್ತನ್ನು ಅವಳ ಕೆನ್ನೆಗೆ ನೀವು ಕೊಡಿ.